ಕತ್ತಿ ಹಾಕದ ಮೂಲೆ: ಮಕ್ಕಳ ಜೊತೆ ಜೇನಿಗೆ ಕಾಡುಹೂ ಬೆಳೆಸುವುದು

ಮೊದಲ ದಿನವೇ ಮಕ್ಕಳ ಕೈಗೆ ಬೀಜ ಕೊಡಬೇಡಿ. ಒಂದು ತುಂಬೆ ಹೂ ಕೊಡಿ. ಬಿಳಿ ಹೂವನ್ನು ಮೆಲ್ಲಗೆ ಕಿತ್ತು, ಅದರ ಬುಡವನ್ನು ನಾಲಿಗೆಗೆ ಇಟ್ಟು ಹೀರಲು ಹೇಳಿ. ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಹನಿ ಸಿಹಿ ಸಿಗುತ್ತದೆ. "ಇಷ್ಟೇನಾ ಅತ್ತೆ?" ಅಂತ ಕೇಳುತ್ತಾರೆ. ಹೌದು, ಇಷ್ಟೇ. ಇಂಥ ಹನಿ ಹನಿಯನ್ನೇ ಹೊತ್ತು ತಂದು ಜೇನು ಒಂದು ಎರಿ, ಅಂದರೆ ಗೂಡಿನ ಮೇಣದ ತಟ್ಟು, ತುಂಬಿಸುತ್ತದೆ. ಅದನ್ನು ನಾಲಿಗೆಯಲ್ಲಿ ತಿಳಿದ ಮಗು ಆಮೇಲೆ ತುಂಬೆ ಗಿಡವನ್ನು ಕಳೆ ಅಂತ ಕೀಳುವುದಿಲ್ಲ. ನಾನು ಕಂಡ ಹಾಗೆ, ಯಾವ ಪಾಠಕ್ಕಿಂತ ಈ ಒಂದು ಹೂ ಜಾಸ್ತಿ ಕೆಲಸ ಮಾಡುತ್ತದೆ.

ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ರಸ್ತೆಯಿಂದ ಒಳಗಿರುವ ಊರು. ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಬೆಟ್ಟ, ಹಿತ್ತಲಿನಲ್ಲಿ ಸಾಕುಜೇನು ತುಡುವೆಯ ನಾಲ್ಕು ಪೆಟ್ಟಿಗೆ. ಹಳೆ ಕೊಟ್ಟಿಗೆಯ ಮಣ್ಣಿನ ಗೋಡೆಯಲ್ಲಿ ಮಿಸರಿ ಅನ್ನುವ ಪುಟ್ಟ ಜೇನು ತಾನಾಗಿ ಬಂದು ಕೂತಿದೆ. ಆರು ವರ್ಷದಿಂದ ಊರಿನ ಏಳೆಂಟು ಮಕ್ಕಳನ್ನು ಸೇರಿಸಿಕೊಂಡು ದಣಪೆಯ (ಬೇಲಿಯ ಬಾಗಿಲಿನ) ಪಕ್ಕದ ಮೂಲೆಯಲ್ಲಿ ಹೂ ಬೆಳೆಸುತ್ತಿದ್ದೇನೆ. ನೀವೂ ಮಾಡಬೇಕು ಅಂತಿದ್ದರೆ ನಾನು ಮಾಡಿದ ರೀತಿಯನ್ನು ಇಲ್ಲಿ ಹೇಳುತ್ತೇನೆ.

ಇದಕ್ಕೆ ಮನಸ್ಸು ಬಂದದ್ದು ವೆನಿಲ್ಲಾದಿಂದ. 2002-03ರ ಸುಮಾರಿಗೆ ನಮ್ಮ ಕಡೆ ಎಲ್ಲರ ತೋಟದಲ್ಲೂ ವೆನಿಲ್ಲಾ ಬಳ್ಳಿ ಹಬ್ಬಿತ್ತು. ಅದರ ಹೂವಿಗೆ ಪರಾಗ ಮುಟ್ಟಿಸುವ ಹುಳ ನಮ್ಮಲ್ಲಿ ಇಲ್ಲ. ವೆನಿಲ್ಲಾದ ಮೂಲ ಮೆಕ್ಸಿಕೋ ಕಡೆ. ಹಾಗಾಗಿ ಬೆಳಿಗ್ಗೆ ಎದ್ದು, ಚೂಪು ಕಡ್ಡಿ ಹಿಡಿದು, ಒಂದೊಂದೇ ಹೂ ಬಿಡಿಸಿ, ಒಳಗಿನ ಪರದೆ ಎತ್ತಿ, ಪರಾಗ ಒತ್ತಬೇಕಿತ್ತು. ಹೂ ಮಧ್ಯಾಹ್ನದೊಳಗೆ ಬಾಡುತ್ತಿತ್ತು. ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗುತ್ತಿತ್ತು. ಅದೇ ತೋಟದಲ್ಲಿ, ನನ್ನ ಕಾಲ ಬುಡದಲ್ಲೇ, ಏಲಕ್ಕಿ ಹೂವಿಗೆ ತುಡುವೆ ಬಂದು ಹೋಗುತ್ತಿತ್ತು. ಏಲಕ್ಕಿ ಹೂವಿನದೂ ಒಂದೇ ದಿನದ ಆಯಸ್ಸು. ಅಷ್ಟರೊಳಗೆ ಜೇನು ಮುಟ್ಟದಿದ್ದರೆ ಕಾಯಿ ಇಲ್ಲ. ಆ ಕೆಲಸವನ್ನು ನಾವು ಯಾರೂ ಮಾಡಿರಲಿಲ್ಲ, ಕೂಲಿ ಕೊಟ್ಟಿರಲಿಲ್ಲ. ಕೈಯಲ್ಲಿ ಕಡ್ಡಿ ಹಿಡಿದು ನಿಂತಾಗಲೇ ಜೇನು ನಮಗೆ ಎಷ್ಟು ದುಡಿಯುತ್ತದೆ ಅಂತ ನನಗೆ ಲೆಕ್ಕ ಸಿಕ್ಕಿದ್ದು.

ಈಗ ಜಾಗದ ಮಾತು. ದೊಡ್ಡ ಜಾಗ ಬೇಡ. ಉದ್ದ ಹತ್ತು ಅಡಿ, ಅಗಲ ನಾಲ್ಕು ಅಡಿ ಇದ್ದರೆ ಸಾಕು. ಬೆಳಗಿನ ಬಿಸಿಲು ಬೀಳಬೇಕು. ನೀರು ನಿಲ್ಲಬಾರದು. ಗೊಬ್ಬರದ ಗುಂಡಿಯ ಪಕ್ಕ ಬೇಡ. ಅಲ್ಲಿ ಮಣ್ಣು ಸೊಕ್ಕಿರುತ್ತದೆ, ಹುಲ್ಲು ಎದ್ದು ಹೂವಿನ ಗಿಡವನ್ನು ಮುಚ್ಚಿಬಿಡುತ್ತದೆ. ಕಾಡುಹೂವಿಗೆ ಬಡ ಮಣ್ಣೇ ಒಳ್ಳೆಯದು. ಹಾಗಾಗಿ ಗೊಬ್ಬರ ಹಾಕಬೇಡಿ. ಮಕ್ಕಳು ಪ್ರೀತಿಯಿಂದ ಬುಟ್ಟಿ ತುಂಬಾ ಸಗಣಿ ಗೊಬ್ಬರ ತಂದರೆ, ಅದನ್ನು ಬದನೆ ಗಿಡಕ್ಕೆ ಹಾಕಿಸಿ.

ಇನ್ನೊಂದು ಮಾತು. ಜಾಗ ಆರಿಸಿದ ದಿನವೇ ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಅದನ್ನು ತೋರಿಸಿ ಹೇಳಬೇಕು. ನಾನು ಮೊದಲ ವರ್ಷ ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ತುಂಬೆ ಮೊಗ್ಗು ಬಿಡುವ ಹೊತ್ತಿಗೆ, ತೋಟದಲ್ಲಿ ಕಳೆ ಹೊಡೆಯಲು ಬಂದವರು ಯಂತ್ರ ಹಿಡಿದು ಅದನ್ನೂ ಸವರಿ ಹೋಗಿದ್ದರು. ಅವರಿಗೆ ಏನು ಗೊತ್ತು? ಸಂಜೆ ಶಾಲೆ ಬಿಟ್ಟು ಬಂದ ಐದನೇ ಕ್ಲಾಸಿನ ಕೂಸು ಅಲ್ಲೇ ಕೂತು ಅತ್ತಿತು. ಆ ಅಳು ನನಗೆ ಇವತ್ತಿಗೂ ನೆನಪಿದೆ. ಮರುವರ್ಷ ಬಿದಿರು ಕಡ್ಡಿ ಹುಗಿದು, ಸುತ್ತ ಹಗ್ಗ ಕಟ್ಟಿ, ಅಡಿಕೆ ಹಾಳೆಯ ತುಂಡಿನ ಮೇಲೆ ಮಕ್ಕಳಿಂದಲೇ "ಇಲ್ಲಿ ಕತ್ತಿ ಹಾಕಬೇಡಿ, ಜೇನಿನ ಊಟ" ಅಂತ ಬರೆಸಿದೆವು. ಅಂದಿನಿಂದ ಯಾರೂ ಮುಟ್ಟಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಮಣ್ಣಿನಲ್ಲಿ ಅರ್ಧ ಬೀಜ ಆಗಲೇ ಇದೆ. ನಾವು ಬಿತ್ತುವುದಕ್ಕಿಂತ, ಜೂನ್‌ನಿಂದ ಡಿಸೆಂಬರಿನವರೆಗೆ ಕತ್ತಿ ಹಾಕದೇ ಬಿಡುವುದೇ ದೊಡ್ಡ ಕೆಲಸ.

ಯಾವ ಕಾಲಕ್ಕೆ ಹೂ ಬೇಕು ಅಂತ ಯೋಚಿಸಿ. ಫೆಬ್ರವರಿಯಿಂದ ಏಪ್ರಿಲ್ ತನಕ ನಮ್ಮ ಬೆಟ್ಟದ ತುಂಬಾ ಮರಗಳು ಹೂ ಬಿಡುತ್ತವೆ. ನೇರಳೆ, ಸೀಗೆ, ಇನ್ನೂ ಎಷ್ಟೋ. ಆಗ ಜೇನಿಗೆ ಹಬ್ಬ. ನಮ್ಮ ನಾಲ್ಕು ಗಿಡದ ಹಂಗು ಅದಕ್ಕೆ ಇಲ್ಲ. ಕಷ್ಟ ಬರುವುದು ಮಳೆಗಾಲದಲ್ಲಿ. ಜೂನ್, ಜುಲೈಯಲ್ಲಿ ದಿನಗಟ್ಟಲೆ ಮಳೆ ಹಿಡಿದರೆ ಜೇನು ಹೊರಗೆ ಹಾರುವುದೇ ಇಲ್ಲ. ಪೆಟ್ಟಿಗೆ ಇಟ್ಟವರು ಸಕ್ಕರೆ ಪಾಕ ಇಡುತ್ತಾರೆ. ಬೆಟ್ಟದಲ್ಲಿರುವ ಕುಟುಂಬಕ್ಕೆ ಯಾರು ಇಡುತ್ತಾರೆ? ಮಳೆ ಬಿಡುವು ಕೊಟ್ಟ ಎರಡು ತಾಸಿನಲ್ಲಿ ಹತ್ತಿರವೇ ಹೂ ಸಿಗಬೇಕು. ಮಿಸರಿ ಜೇನಂತೂ ಸಣ್ಣದು, ಕೆಲವು ನೂರು ಮೀಟರ್ ಆಚೆ ಹೋಗುವುದು ಕಷ್ಟ. ಹಾಗಾಗಿ ಆಗಸ್ಟ್‌ನಿಂದ ಡಿಸೆಂಬರ್ ನಡುವೆ ಅರಳುವ ಗಿಡಗಳನ್ನೇ ನಾನು ಮುಖ್ಯವಾಗಿ ಆರಿಸುತ್ತೇನೆ.

ತುಂಬೆ ಮೊದಲು. ಅದರ ಜೊತೆ ಕರ್ಣಕುಂಡಲ. ಅದರ ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿದು ಬೀಜ ಹಾರುತ್ತದೆ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟ ಬೇಕೇ? ಹಳದಿ ಹೂವಿನ ಗಿಲಿಗಿಲಿ ಗಿಡವನ್ನೂ ಹಾಕಿ. ಒಣಗಿದ ಕಾಯಿ ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು ಬರುತ್ತದೆ. ಆ ಹೂವನ್ನು ಬಿಡಿಸಲು ಸಣ್ಣ ಜೇನಿಗೆ ಬಲ ಸಾಲದು, ದೊಡ್ಡ ದುಂಬಿಗಳು ಬಂದು ಕೂರುತ್ತವೆ. ಅದರ ಒಣಗಿದ ಎಲೆ, ಕಾಯಿಗೆ ನೀಲಿ ಪಟ್ಟೆಯ ಚಿಟ್ಟೆಗಳು ಗುಂಪಾಗಿ ಮುತ್ತುತ್ತವೆ. ಬೀಜವನ್ನು ಬಾಯಿಗೆ ಹಾಕಬಾರದು ಅಂತ ಮಾತ್ರ ಮೊದಲೇ ಹೇಳಿ, ಅದು ವಿಷ. ಬೇಲಿಯ ಬದಿಗೆ ಲಕ್ಕಿ ಮತ್ತು ಆಡುಸೋಗೆ. ಅಂಗಳದಲ್ಲಿ ಕಾಮಕಸ್ತೂರಿ. ತುಳಸಿ ಹೇಗೂ ಇರುತ್ತದೆ. ಅದರ ಕದಿರನ್ನು ನಾವು ಚಿವುಟುತ್ತಲೇ ಇರುತ್ತೇವೆ ಅಲ್ವಾ, ಒಂದೆರಡು ಗಿಡದ ಕದಿರು ಹಾಗೇ ಬಿಡಿ. ಬೆಳಿಗ್ಗೆ ಒಂಬತ್ತು ಗಂಟೆಗೆ ಹೋಗಿ ನೋಡಿದರೆ ಮಿಸರಿ ಮುತ್ತಿರುತ್ತದೆ.

ನೆಕ್ಕರಿಕ ಅನ್ನುವ ಕಾಡು ಪೊದೆಯನ್ನು ನೆಡಬೇಕಿಲ್ಲ. ಹುಲ್ಲು ಬೆಳೆಯುವ ಬೇಣದಲ್ಲಿ, ದರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ ತಾನೇ ಹುಟ್ಟುತ್ತದೆ. ಇದ್ದಲ್ಲಿ ಬಿಡಿ ಸಾಕು. ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಳ್ಳದ ಮಕ್ಕಳು ನಮ್ಮೂರಿನಲ್ಲಿ ಯಾರೂ ಇಲ್ಲ. ಅದರ ಹೂವಿನ ವಿಷಯ ಮಾತ್ರ ಅವರಿಗೆ ಗೊತ್ತಿರಲಿಲ್ಲ. ನೆಕ್ಕರಿಕದ ಪರಾಗ ಒಂದು ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು. ದುಂಬಿ ಬಂದು ಆ ಕೊಳವೆಯನ್ನು ತಬ್ಬಿ ಹಿಡಿದು ಜುಂಯ್ ಅಂತ ನಡುಗಿಸುತ್ತದೆ. ಆಗ ಪರಾಗ ಉಪ್ಪಿನ ಡಬ್ಬಿಯಿಂದ ಉದುರಿದ ಹಾಗೆ ಉದುರುತ್ತದೆ. ಹಾರುವಾಗಿನ ಸದ್ದೇ ಬೇರೆ, ಇದೇ ಬೇರೆ. ಕಣ್ಣು ಮುಚ್ಚಿ ನಿಂತು ಕೇಳಿಸಿ. ಬದನೆ, ಟೊಮೆಟೊ ಹೂವಿನದೂ ಇದೇ ಲೆಕ್ಕ. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಪೆಟ್ಟಿಗೆ ಜೇನು ಒಂದಿದ್ದರೆ ಸಾಕು ಅನ್ನುವವರಿಗೆ ನಾನು ಈ ಹೂವನ್ನೇ ತೋರಿಸುವುದು.

ಅಂಗಡಿಯಲ್ಲಿ "ಕಾಡುಹೂ ಮಿಶ್ರಣ" ಅಂತ ಚೆಂದದ ಪೊಟ್ಟಣ ಸಿಗುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಬೇರೆ ದೇಶದ ಹೂ. ಕಾಸ್ಮೋಸ್ ಹಾಕಿದರೆ ಜೇನು ಬರುವುದಿಲ್ಲ ಅಂತಲ್ಲ, ಬರುತ್ತದೆ. ಗೊಂಡೆ ಹೂವೂ ಮೆಕ್ಸಿಕೋದ್ದೇ, ಅದಿಲ್ಲದೆ ನಮಗೆ ದೀಪಾವಳಿ ಇಲ್ಲ. ಆದರೆ ಗೊಂಡೆ ಹಾಕುವುದಾದರೆ ಒಂದೇ ಸುತ್ತಿನ ಎಸಳಿನ ಸಣ್ಣ ಜಾತಿ ಹಾಕಿ. ಚೆಂಡಿನ ಹಾಗೆ ದಪ್ಪಗಿರುವ ಹೂವಿನಲ್ಲಿ ಎಸಳೇ ಜಾಸ್ತಿ, ಜೇನಿಗೆ ಬಾಯಿ ಹಾಕಲು ದಾರಿ ಇಲ್ಲ. ನರ್ಸರಿಯಲ್ಲಿ ನೆಲಕ್ಕೆ ಹಬ್ಬುವ ಹಳದಿ ಹೂವಿನ ಸಿಂಗಾಪುರ ಡೈಸಿ ಕೊಟ್ಟರೆ ಬೇಡ ಅನ್ನಿ. ಒಮ್ಮೆ ಹಬ್ಬಿದರೆ ಬೇರೆ ಏನನ್ನೂ ಏಳಗೊಡುವುದಿಲ್ಲ. ಲಂಟಾನ, ಯುಪಟೋರಿಯಂ ನಿಮ್ಮ ಮೂಲೆಯಲ್ಲಿ ಹುಟ್ಟಿದರೆ ಸಣ್ಣದಿರುವಾಗಲೇ ಬೇರು ಸಮೇತ ಕೀಳಿ. ನಾಚಿಕೆಮುಳ್ಳೂ ಹೊರಗಿನದೇ. ಅದನ್ನು ನಾನು ಬೆಳೆಸುವುದಿಲ್ಲ, ಆದರೆ ಮಳೆಗಾಲದಲ್ಲಿ ಪೂರ್ತಿ ಕೆರೆದು ತೆಗೆಯುವುದೂ ಇಲ್ಲ. ಬೆಳಿಗ್ಗೆ ತುಡುವೆ ಅದರ ಪರಾಗಕ್ಕೆ ಬರುವುದನ್ನು ಕಂಡ ಮೇಲೆ ಕೈ ಏಳುವುದಿಲ್ಲ.

ಬೀಜ ಕೂಡಿಸುವ ಕೆಲಸ ನವೆಂಬರ್, ಡಿಸೆಂಬರಿನಲ್ಲಿ. ಹಾಗಾಗಿ ನೀವು ದಸರಾ ರಜೆಯಲ್ಲಿ ಶುರು ಮಾಡುವುದೇ ಒಳ್ಳೆಯದು. ಆಗ ಹೂ ಇರುತ್ತದೆ, ಗಿಡ ಯಾವುದು ಅಂತ ಮಕ್ಕಳು ಗುರುತು ಇಟ್ಟುಕೊಳ್ಳುತ್ತಾರೆ. ಎರಡು ತಿಂಗಳ ಮೇಲೆ ಅದೇ ಗಿಡಕ್ಕೆ ಹೋಗಬೇಕು. ತುಂಬೆಯ ಒಣಗಿದ ಗುಂಡನ್ನು ಗೆರಸಿಯ (ಬಿದಿರಿನ ತಟ್ಟೆಯ) ಮೇಲೆ ತಲೆಕೆಳಗು ಮಾಡಿ ಕೊಡವಿದರೆ ಕಂದು ಬಣ್ಣದ ಸಣ್ಣ ಬೀಜ ಉದುರುತ್ತದೆ. ಕರ್ಣಕುಂಡಲದ ಕಾಯಿಯನ್ನು ಮುಷ್ಟಿಯೊಳಗೆ ಹಿಡಿದೇ ಒಡೆಯಬೇಕು, ಇಲ್ಲದಿದ್ದರೆ ಬೀಜ ಅಂಗಳದ ಪಾಲು. ಅದು ಬೇಗ ಮುಗಿಯುವ ಗಿಡ, ಸೆಪ್ಟೆಂಬರಿನಿಂದಲೇ ಕಣ್ಣಿಟ್ಟಿರಿ. ಒಂದು ಜಾಗದಲ್ಲಿ ಹತ್ತು ಗಿಡ ಇದ್ದರೆ ಎರಡು ಗಿಡದಿಂದ ಮಾತ್ರ ತೆಗೆಯಿರಿ. ಕಾಡಿನಿಂದ ಗಿಡ ಕಿತ್ತು ತರಬೇಡಿ. ಆಗಸ್ಟ್‌ನಲ್ಲಿ ಕರಾವಳಿಯ ಚಿರೆಕಲ್ಲಿನ ಬಯಲಿನಲ್ಲಿ ಅರಳುವ ಪುಟಾಣಿ ನೀಲಿ ಹೂಗಳನ್ನು ಕಂಡರೆ ಮಕ್ಕಳಿಗೆ ಆಸೆಯಾಗುತ್ತದೆ. ಅವು ಅಲ್ಲಿನ ತೆಳು ನೀರಿನಲ್ಲಿ ಮಾತ್ರ ಬದುಕುವವು. ಕೂತು ನೋಡಿ ಬರುವುದು.

ಬಿತ್ತನೆಗೆ ನಾನು ಎರಡು ಹೊತ್ತು ಇಟ್ಟುಕೊಂಡಿದ್ದೇನೆ. ಒಂದು ಮೃಗಶಿರ ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಯಲ್ಲಿ, ಎರಡು ಅಡ್ಡಮಳೆ ಬಿದ್ದು ನೆಲ ಮೆತ್ತಗಾದ ಮೇಲೆ. ಇನ್ನೊಂದು ಆಗಸ್ಟ್ ಮಧ್ಯದಲ್ಲಿ, ಮಘೆ ಮಳೆಯ ಹೊತ್ತಿಗೆ. ಮೊದಲ ಬಿತ್ತನೆಯನ್ನು ಆರಿದ್ರಾ ಮಳೆ ತೊಳೆದುಕೊಂಡು ಹೋದರೂ ಎರಡನೆಯದು ಕೈ ಹಿಡಿಯುತ್ತದೆ. ಎರಡು ವರ್ಷ ಹಾಗೇ ಆಯಿತು. ನೆಲವನ್ನು ಆಳವಾಗಿ ಅಗೆಯಬೇಡಿ. ಹುಲ್ಲನ್ನು ಕೆತ್ತಿ ತೆಗೆದು, ಮೇಲಿನ ಎರಡು ಇಂಚು ಮಣ್ಣು ಸಡಿಲ ಮಾಡಿ, ಇಳಿಜಾರಿಗೆ ಅಡ್ಡವಾಗಿ ಸಣ್ಣ ಏರಿ ಮಾಡಿ. ಸಣ್ಣ ಬೀಜಕ್ಕೆ ನಾಲ್ಕು ಪಟ್ಟು ಒಣ ಮರಳು ಸೇರಿಸಿ. ಇಲ್ಲದಿದ್ದರೆ ಮಕ್ಕಳು ಎಲ್ಲ ಬೀಜವನ್ನೂ ಒಂದೇ ಕಡೆ ಸುರಿಯುತ್ತಾರೆ. ಮರಳು ಬಿಳಿಯಾಗಿ ಕಾಣುವುದರಿಂದ ಎಲ್ಲಿ ಬಿದ್ದಿದೆ, ಎಲ್ಲಿ ಇಲ್ಲ ಅಂತ ಅವರಿಗೇ ತಿಳಿಯುತ್ತದೆ. ಮೇಲೆ ಮಣ್ಣು ಮುಚ್ಚಬೇಡಿ. ಬರಿಗಾಲಿನಲ್ಲಿ ತುಳಿದು ಕೂರಿಸಲು ಹೇಳಿ, ಅದು ಅವರಿಗೆ ಬಹಳ ಇಷ್ಟದ ಕೆಲಸ. ಆಮೇಲೆ ಅಡಿಕೆ ಸೋಗೆಯನ್ನು ತೆಳ್ಳಗೆ ಹಾಸಿ. ದಪ್ಪ ಹನಿ ನೇರ ಬೀಳುವುದು ತಪ್ಪುತ್ತದೆ. ಮೊಳಕೆ ಕಂಡ ದಿನ ಸೋಗೆ ತೆಗೆಯಬೇಕು.

ಗಿಲಿಗಿಲಿ ಬೀಜದ ಸಿಪ್ಪೆ ಗಟ್ಟಿ. ಹಿಂದಿನ ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟು, ಬೆರಳಿನ ಗೆಣ್ಣು ಆಳಕ್ಕೆ ಒಂದೊಂದೇ ಊರಿ. ಲಕ್ಕಿ, ಆಡುಸೋಗೆಗೆ ಬೀಜದ ಗೊಡವೆ ಇಲ್ಲ. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಜೂನ್‌ನಲ್ಲಿ ಹುಗಿದರೆ ಸಾಕು. ತಲೆಕೆಳಗಾಗದ ಹಾಗೆ ನೋಡಿ. ಮೇಲಿನ ತುದಿಯನ್ನು ನೇರ, ಕೆಳಗಿನ ತುದಿಯನ್ನು ಓರೆ ಕತ್ತರಿಸಿಕೊಟ್ಟರೆ ಮಕ್ಕಳಿಗೆ ಗೊಂದಲ ಆಗುವುದಿಲ್ಲ.

ಕಾರವಾರದ ಕಡೆ, ಸದಾಶಿವಗಡದಲ್ಲಿ ನನ್ನ ತಂಗಿಯ ಮನೆ. ಅವಳ ಅಂಗಳ ಮರಳು, ಮೇಲೆ ಉಪ್ಪು ಗಾಳಿ. ಅಲ್ಲಿ ಕರ್ಣಕುಂಡಲ ಏಳಲಿಲ್ಲ. ಲಕ್ಕಿ ಚೆನ್ನಾಗಿ ಬಂತು, ತುಳಸಿ ಕುಂಡದಲ್ಲಿದೆ. ಕಡಲ ದಂಡೆಯಲ್ಲಿ ಹಬ್ಬುವ, ಗೊರಸಿನ ಆಕಾರದ ಎಲೆ, ನೇರಳೆ ಹೂವಿನ ಬಳ್ಳಿ ಇದೆಯಲ್ಲ, ಅದು ಅವಳ ಬೇಲಿಯ ಹೊರಗೆ ತಾನೇ ಬಂದಿದೆ. ಅದನ್ನು ಕಿತ್ತು ಸಿಮೆಂಟ್ ಹಾಕಿಸಬೇಡ ಅಂತ ನಾನು ಹೇಳಿದ್ದು ಅಷ್ಟೇ. ಈಗ ಅವಳ ಮಗ ಬೆಳಿಗ್ಗೆ ಎದ್ದು ಆ ಹೂವಿನೊಳಗೆ ಯಾರಿದ್ದಾರೆ ಅಂತ ನೋಡಿ, ನನಗೆ ಫೋಟೋ ಕಳಿಸುತ್ತಾನೆ.

ಹೂ ಅಷ್ಟೇ ಸಾಲದು, ಮನೆಯೂ ಬೇಕು. ಜೇನು ಅಂದರೆ ನಮಗೆ ಪೆಟ್ಟಿಗೆ, ಎರಿ, ಗುಂಪು. ಆದರೆ ಜಗತ್ತಿನಲ್ಲಿರುವ ಸುಮಾರು 20,000 ಜಾತಿಯ ಜೇನಿನಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುವವು, ಅದರಲ್ಲೂ ಬಹಳಷ್ಟು ನೆಲದಲ್ಲಿ ತೂತು ಕೊರೆದು ಮೊಟ್ಟೆ ಇಡುವವು. ನಾವು ಎಲ್ಲ ಕಡೆ ದರಕು, ಅಂದರೆ ಒಣ ಎಲೆ, ಹಾಸಿ, ಉಳಿದಲ್ಲಿ ಕಾಂಕ್ರೀಟ್ ಹಾಕಿದರೆ ಅವು ಎಲ್ಲಿ ಹೋಗಬೇಕು? ಹೂವಿನ ಮೂಲೆಯ ಪಕ್ಕ ಎರಡು ಚದರ ಅಡಿ ಬರಿ ಮಣ್ಣು ಹಾಗೇ ಬಿಡಿ. ಮಳೆ ನೇರ ಬೀಳದ ದರೆಯಾದರೆ ಇನ್ನೂ ಒಳ್ಳೆಯದು. ನಮ್ಮ ಕೊಟ್ಟಿಗೆಯ ಮಣ್ಣಿನ ಗೋಡೆಯಲ್ಲಿ ನೀಲಿ ಪಟ್ಟಿಯ ಜೇನು ಮನೆ ಮಾಡಿದೆ. ಅದರ ಗಂಡುಗಳು ಸಂಜೆ ಒಣ ಕಡ್ಡಿಯನ್ನು ಬಾಯಿಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ನೇತಾಡಿಕೊಂಡೇ ನಿದ್ದೆ ಮಾಡುತ್ತವೆ. ಅಕ್ಟೋಬರಿನ ಒಂದು ಸಂಜೆ ಟಾರ್ಚ್ ಹಿಡಿದು ಮಕ್ಕಳನ್ನು ಕರೆದುಕೊಂಡು ಹೋದೆ. ಒಂದೇ ಕಡ್ಡಿಯಲ್ಲಿ ಒಂಬತ್ತು. ಯಾವತ್ತೂ ಸುಮ್ನೆ ಇರದ ಮಾಣಿಯೊಬ್ಬ ಅವತ್ತು ಪಿಸುಮಾತಿನಲ್ಲಿ ಮಾತಾಡಿದ. ಗುಲಾಬಿ ಎಲೆಯ ಅಂಚಿನಲ್ಲಿ ಯಾರೋ ಕತ್ತರಿ ಹಾಕಿದ ಹಾಗೆ ದುಂಡಗೆ ಕತ್ತರಿಸಿದ್ದು ಕಂಡರೆ ಔಷಧಿ ಹೊಡೆಯಬೇಡಿ. ಅದೂ ಒಂದು ಜೇನೇ, ಗೂಡಿನ ಒಳಗೆ ಹಾಸಲು ಎಲೆ ಒಯ್ದಿದೆ. ನಿಂಬೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಚಿಟ್ಟೆಯ ಮರಿ.

ಬೇಸಿಗೆಯಲ್ಲಿ ನೀರಿಡಿ. ಅಡಿಕೆ ಹಾಳೆಯ ನಾಲ್ಕು ಮೂಲೆ ಮಡಚಿ ಕಡ್ಡಿ ಚುಚ್ಚಿದರೆ ತಟ್ಟೆ ಆಯಿತು. ಒಳಗೆ ಹೊಳೆಯ ಕಲ್ಲು ತುಂಬಿ, ಕಲ್ಲಿನ ತಲೆ ಒಣಗಿರುವಷ್ಟೇ ನೀರು ಹಾಕಿ. ಕೂರಲು ಜಾಗ ಇಲ್ಲದಿದ್ದರೆ ಜೇನು ಮುಳುಗಿ ಸಾಯುತ್ತದೆ. ಸೊಳ್ಳೆ ಆಗದ ಹಾಗೆ ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು. ಈ ಪಾಳಿಯನ್ನು ಪೂರ್ತಿ ಮಕ್ಕಳಿಗೇ ಬಿಡಿ.

ಕಚ್ಚುವ ಭಯದ ಬಗ್ಗೆ ತಂದೆ ತಾಯಿ ಕೇಳುತ್ತಾರೆ, ಕೇಳಬೇಕಾದದ್ದೇ. ಹೂವಿನ ಮೇಲಿರುವ ಜೇನು ತನ್ನ ಪಾಡಿಗೆ ಇರುತ್ತದೆ, ಕೈಯಲ್ಲಿ ಹಿಡಿಯದಿದ್ದರೆ ಸಾಕು. ಮಿಸರಿಗೆ ಚುಚ್ಚುವ ಮುಳ್ಳೇ ಇಲ್ಲ. ತುಡುವೆ ಪೆಟ್ಟಿಗೆಯ ಬಾಗಿಲಿನ ಎದುರು ನಿಲ್ಲಬಾರದು, ಬದಿಯಿಂದ ನೋಡಬೇಕು. ಹೆಜ್ಜೇನಿನ ವಿಷಯದಲ್ಲಿ ಮಾತ್ರ ಆಟ ಇಲ್ಲ. ಎರಿ ಕಟ್ಟಿದ ಮರದ ಹತ್ತಿರ ಹೋಗುವುದಿಲ್ಲ, ಕಲ್ಲು ಎಸೆಯುವುದಿಲ್ಲ, ಹೊಗೆ ಹಾಕುವುದಿಲ್ಲ. ಎದ್ದರೆ ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು. ಜೇನು ಕಚ್ಚಿದರೆ ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆದು, ತಣ್ಣೀರು ಬಟ್ಟೆ ಇಡಿ. ಉಸಿರು ಕಟ್ಟಿದ ಹಾಗಾದರೆ, ಮುಖ, ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯ ಬಣ್ಣದಲ್ಲಿ ಅರಳುವ ಅಗ್ನಿಶಿಖೆಯನ್ನು ದೂರದಿಂದ ನೋಡಲಿ. ಅದರ ಗಡ್ಡೆ ಕಡು ವಿಷ.

ವಾರಕ್ಕೊಮ್ಮೆ ಎಣಿಕೆ ಮಾಡುತ್ತೇವೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಹತ್ತು ನಿಮಿಷ, ಒಂದೇ ಗಿಡದ ಮುಂದೆ. ಬಂದದ್ದು ತುಡುವೆಯೋ, ಮಿಸರಿಯೋ, ದುಂಬಿಯೋ, ಚಿಟ್ಟೆಯೋ ಅಂತ ಗೆರೆ ಎಳೆಯುವುದು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸುವುದು. ಕಾಲಿಗೆ ಅಂಟಿದ ಪರಾಗದ ಉಂಡೆಯ ಬಣ್ಣವನ್ನು ಬಣ್ಣದ ಪೆನ್ಸಿಲ್‌ನಿಂದಲೇ ಹಾಕಬೇಕು. ಹೀರೆ ಬಳ್ಳಿ ಇದ್ದರೆ ಒಂದು ದಿನ ಸಂಜೆಯೂ ಕೂರಿಸಿ. ಅದರ ಹೂ ಅರಳುವುದೇ ಹೊತ್ತು ಇಳಿದ ಮೇಲೆ. ಪತಂಗ ಬರುವುದನ್ನು ನೋಡಲು ತಾಳ್ಮೆ ಬೇಕು, ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಅದು ಇರುತ್ತದೆ.

ಡಿಸೆಂಬರ್ ಕೊನೆಗೆ ಗಿಡ ಒಣಗಿ ಮೂಲೆ ಕೊಳಕಾಗಿ ಕಾಣುತ್ತದೆ. ಆಗ ಕತ್ತಿ ತೆಗೆದುಕೊಳ್ಳಲು ಕೈ ತುರಿಸುತ್ತದೆ, ತಡೆಯಿರಿ. ಬೀಜ ಪೂರ್ತಿ ಉದುರಲಿ. ಜನವರಿಯಲ್ಲಿ ಅರ್ಧ ಭಾಗ ಮಾತ್ರ ಕೊಯ್ಯಿರಿ, ಕೊಯ್ದದ್ದನ್ನು ಅಲ್ಲೇ ಕೊಡವಿ ಹಾಸಿ. ಉಳಿದ ಅರ್ಧ ಮೇ ತನಕ ನಿಂತಿರಲಿ, ಒಣ ಕಡ್ಡಿಯಲ್ಲಿ ಯಾರ್ಯಾರದೋ ಗೂಡು ಇರುತ್ತದೆ. ಯಾವ ಅರ್ಧ ಅಂತ ನಮ್ಮಲ್ಲಿ ಮಕ್ಕಳೇ ನಿರ್ಧರಿಸುತ್ತಾರೆ. ಕೂಡಿಸಿದ ಬೀಜವನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿ, ಚಿಟಿಕೆ ಒಲೆಯ ಬೂದಿ ಹಾಕಿ, ಪೇಪರ್ ಪೊಟ್ಟಣ ಕಟ್ಟುತ್ತೇವೆ. ಮೇಲೆ ಹೂವಿನ ಹೆಸರು, ಜಾಗ, ತಾರೀಖು, ಕೊಯ್ದವರ ಹೆಸರು. ಈ ವರ್ಷದ ಹದಿನೇಳು ಪೊಟ್ಟಣ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಇಲಿ ಮುಟ್ಟದ ಹಾಗೆ ಅಟ್ಟದ ತೊಲೆಗೆ ನೇತಾಡುತ್ತಿವೆ. ಮೇ ಕೊನೆಯ ಭಾನುವಾರ ಇಳಿಸುವುದು.